ಹಳೇ ಮಸ್ಟಾಂಗಿನ ನಂಬರು ಓದುವುದು ಹೇಗೆ: ತಗಡಿನಿಂದ ಶುರು ಮಾಡಿ, ಬಾಗಿಲಿನ ಪ್ಲೇಟಿನಿಂದಲ್ಲ

ಕ್ಯಾಲಿಫೋರ್ನಿಯಾದ ಮಿಲ್ಪಿಟಾಸ್‌ನ ಗ್ರೇಟ್ ಮಾಲ್ ಗೊತ್ತಿಲ್ಲದ ಬೇ ಏರಿಯಾ ಕನ್ನಡಿಗರು ಕಡಿಮೆ. ಮಕ್ಕಳ ಶೂ, ಊರಿಗೆ ಹೊರಟಾಗ ಸೂಟ್‌ಕೇಸು, ಎಲ್ಲದಕ್ಕೂ ಅಲ್ಲಿಗೇ ಹೋಗುತ್ತೇವೆ. ಆ ಜಾಗದಲ್ಲಿ 1955ರಿಂದ 1983ರವರೆಗೆ ಫೋರ್ಡ್ ಕಂಪನಿಯ ಸ್ಯಾನ್ ಹೋಸೆ ಕಾರ್ಖಾನೆ ಇತ್ತು. ಮಾಲ್ ಬಂದದ್ದು 1994ರಲ್ಲಿ. 1981ರ ಮಾಡೆಲ್‌ಗೂ ಮುಂಚೆ ಅಲ್ಲಿ ತಯಾರಾದ ಪ್ರತಿ ಮಸ್ಟಾಂಗ್ ಕಾರಿನ ನಂಬರಿನಲ್ಲೂ (ರಿಜಿಸ್ಟ್ರೇಷನ್ ನಂಬರಲ್ಲ, ಕಾರ್ಖಾನೆಯವರು ಗಾಡಿಗೆ ಕುಟ್ಟುವ ಗುರುತಿನ ನಂಬರು) ಎರಡನೇ ಜಾಗದಲ್ಲಿ 'ಆರ್' ಅಕ್ಷರ ಇರುತ್ತದೆ. 'ಟಿ' ಇದ್ದರೆ ಅದು ಮೆಟುಚೆನ್ ಕಾರ್ಖಾನೆಯ ಗಾಡಿ. ಆ ಕಾರ್ಖಾನೆ ಇದ್ದದ್ದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ, ಅಲ್ಲೂ ಈಗ ನಮ್ಮವರೇ ಜಾಸ್ತಿ. 'ಎಫ್' ಇದ್ದರೆ ಡೆಟ್ರಾಯ್ಟ್ ಪಕ್ಕದ ಡಿಯರ್‌ಬಾರ್ನ್. ಅರವತ್ತು ವರ್ಷದ ಹಿಂದಿನ ಒಂದು ಗಾಡಿ ತಾನು ಎಲ್ಲಿ ಹುಟ್ಟಿದೆ ಅಂತ ಒಂದೇ ಅಕ್ಷರದಲ್ಲಿ ಹೇಳುತ್ತದೆ, ಅಲ್ವಾ? ನನಗೆ ಈ ಹುಚ್ಚು ಹತ್ತಿದ್ದು ಅದರಿಂದಲೇ.

ಇಲ್ಲಿ 1965ರ ಮಾಡೆಲ್ ಮಸ್ಟಾಂಗ್ ಒಂದನ್ನೇ ಹಿಡಿದು ಪೂರ್ತಿ ಹೇಳುತ್ತೇನೆ. ಒಂದು ಗಾಡಿಯನ್ನು ಸರಿಯಾಗಿ ಓದಲು ಕಲಿತರೆ ಬೇರೆ ಕಂಪನಿಯವು ಬೇಗ ಹಿಡಿತಕ್ಕೆ ಬರುತ್ತವೆ. ಷೆವ್ರೊಲೆ ಮತ್ತು ಕ್ರೈಸ್ಲರ್ ಬಗ್ಗೆ ಕೊನೆಯ ಕಡೆ ಬೇಕಾದಷ್ಟು ಇದೆ. ಗಾಡಿ ಮೇಲೆ ಇರುವುದು ಇಂಗ್ಲಿಷ್ ಅಕ್ಷರಗಳು. ನಾನು ಇಲ್ಲಿ ಅವುಗಳ ಉಚ್ಚಾರ ಬರೆದು, ಓದಲು ಸುಲಭವಾಗಲಿ ಅಂತ ನಡುವೆ ಗೆರೆ ಹಾಕಿದ್ದೇನೆ. ಗಾಡಿ ಮೇಲೆ ಆ ಗೆರೆ ಇರುವುದಿಲ್ಲ.

ಮೊದಲೇ ಒಂದು ಮಾತು. ಈಗಿನ ಗಾಡಿಗಳ 17 ಅಕ್ಷರದ ನಂಬರು 1981ರ ಮಾಡೆಲ್‌ನಿಂದ ಬಂದದ್ದು. ಅದಕ್ಕೂ ಮುಂಚೆ ಪ್ರತಿ ಕಂಪನಿಗೂ ಅದರದ್ದೇ ಲೆಕ್ಕ. 1965ರ ಮಸ್ಟಾಂಗಿನ ನಂಬರಿನಲ್ಲಿ 11 ಅಕ್ಷರ ಮಾತ್ರ. ಇಂಟರ್‌ನೆಟ್‌ನಲ್ಲಿ ನಂಬರು ಹಾಕಿ ಚರಿತ್ರೆ ತೆಗೆಯುವ ಸೈಟುಗಳು ಸಾಮಾನ್ಯವಾಗಿ 17 ಕೇಳುತ್ತವೆ. ಹಳೇ ನಂಬರು ಕೊಟ್ಟರೆ ತಪ್ಪು ಅನ್ನುತ್ತವೆ. ಗಾಬರಿಯಾಗಬೇಡಿ, ತಪ್ಪು ನಿಮ್ಮದಲ್ಲ.

ಜೊತೆಗೆ ಏನು ಒಯ್ಯಬೇಕು

ಒಳ್ಳೇ ಟಾರ್ಚು, ಹಳೇ ಹತ್ತಿ ಬಟ್ಟೆ, ಗ್ರೀಸ್ ತೆಗೆಯಲು ಸ್ವಲ್ಪ ಸೀಮೆಎಣ್ಣೆ, ಒಂದು ತುಂಡು ಸೀಮೆಸುಣ್ಣ, ತೆಳು ಕಾಗದ, ಮೆತ್ತನೆ ಪೆನ್ಸಿಲ್, ಬಟ್ಟೆ ಸುತ್ತಿದ ಒಂದು ಅಯಸ್ಕಾಂತ. ಫೋನು ಹೇಗೂ ಇರುತ್ತದೆ. ಉಪ್ಪುಕಾಗದ, ತಂತಿ ಬ್ರಷ್ ಮಾತ್ರ ಒಯ್ಯಲೇಬೇಡಿ. ನಂಬರು ಇರುವ ಜಾಗವನ್ನು ಉಜ್ಜಿದರೆ ಯಾರೋ ತಿದ್ದಿದ ಹಾಗೆ ಕಾಣುತ್ತದೆ. ಆಮೇಲೆ ಯಾವ ಇನ್‌ಸ್ಪೆಕ್ಟರಿಗೂ ಉತ್ತರ ಹೇಳುವುದು ಕಷ್ಟ.

ಮೊದಲ ಹೆಜ್ಜೆ: ಬಾನೆಟ್ ಎತ್ತಿ, ತಗಡಿನ ಮೇಲಿನ ನಂಬರು ಹುಡುಕಿ

ಎಲ್ಲರೂ ಮೊದಲು ಬಾಗಿಲು ತೆರೆದು ಪ್ಲೇಟು ನೋಡುತ್ತಾರೆ. ನೀವು ಹಾಗೆ ಮಾಡಬೇಡಿ. ಬಾಗಿಲಿನ ಪ್ಲೇಟು ಅಂದರೆ ರಿವೆಟ್ ಹೊಡೆದ ಒಂದು ತೆಳು ಪಟ್ಟಿ, ಅಷ್ಟೆ. ಅದರ ನಕಲು ಈಗ ದುಡ್ಡು ಕೊಟ್ಟರೆ ಬೇಕಾದ ಅಕ್ಷರ ಒತ್ತಿಸಿಕೊಂಡು ಬರುತ್ತದೆ. ಅಸಲಿ ನಂಬರು ಇರುವುದು ಬಾನೆಟ್ ಒಳಗೆ.

ಡ್ರೈವರ್ ಬದಿಗೆ, ಅಂದರೆ ಅಮೆರಿಕದ ಗಾಡಿಯಲ್ಲಿ ಎಡಗಡೆಗೆ ನಿಂತುಕೊಳ್ಳಿ. ಹೊರಗಿನ ಮಡ್‌ಗಾರ್ಡ್ ಮತ್ತು ಎಂಜಿನ್ ನಡುವೆ ಒಂದು ಒಳತಗಡು ಇದೆ, ಅದಕ್ಕೆ ಏಪ್ರನ್ ಅನ್ನುತ್ತಾರೆ. ಅದರ ಮೇಲಂಚಿನಲ್ಲಿ, ಮಡ್‌ಗಾರ್ಡಿನ ತುಟಿ ಬಂದು ಕೂರುವ ಕಡೆ ನಂಬರು ಕುಟ್ಟಿದ್ದಾರೆ. ಅದು ಕಾಣಲಿ ಅಂತಲೇ ಮಡ್‌ಗಾರ್ಡಿನ ಅಂಚನ್ನು ಅಲ್ಲಿ ಸ್ವಲ್ಪ ಕತ್ತರಿಸಿರುತ್ತಾರೆ. ಬೆರಳು ಆಡಿಸಿದರೆ ಆ ಕಚ್ಚು ಸಿಗುತ್ತದೆ.

ಗ್ರೀಸು, ಧೂಳು ಸೇರಿ ಅದು ಕರಿಬಳಿದ ಹಾಗೆ ಇರುತ್ತದೆ. ಸೀಮೆಎಣ್ಣೆ ಹಚ್ಚಿದ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಒಣಗಿದ ಮೇಲೆ ಸೀಮೆಸುಣ್ಣವನ್ನು ಅಡ್ಡ ಹಿಡಿದು ಆ ಜಾಗದ ಮೇಲೆಲ್ಲಾ ಸವರಿ, ಆಮೇಲೆ ಅಂಗೈಯಲ್ಲಿ ಒಂದು ಸಲ ಎಳೆದುಬಿಡಿ. ಮೇಲಿನ ಪುಡಿ ಹೋಗುತ್ತದೆ, ಕುಳಿಯ ಒಳಗಿನದು ಉಳಿಯುತ್ತದೆ, ಅಕ್ಷರಗಳು ಬೆಳ್ಳಗೆ ಎದ್ದು ನಿಲ್ಲುತ್ತವೆ. ಟಾರ್ಚನ್ನು ನೇರವಾಗಿ ಬಿಡಬೇಡಿ, ಪಕ್ಕದಿಂದ ತಗಡಿಗೆ ತಾಗಿಸಿ ಬಿಡಿ. ನೆರಳು ಬಿದ್ದಾಗ ಸವೆದ ಅಂಕಿಯೂ ಕಾಣುತ್ತದೆ. ಫೋಟೋ ತೆಗೆಯಿರಿ. ಸಾಧ್ಯವಾದರೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ಇಳಿಸಿಕೊಳ್ಳಿ, ನಾವು ಚಿಕ್ಕವರಿದ್ದಾಗ ನಾಣ್ಯದ ಅಚ್ಚು ತೆಗೆಯುತ್ತಿದ್ದೆವಲ್ಲ, ಹಾಗೇ.

ಈಗ ಅಯಸ್ಕಾಂತ. ನಂಬರಿನ ಸುತ್ತಮುತ್ತ ಅದನ್ನು ಹಿಡಿದು ನೋಡಿ. ಎಲ್ಲೋ ಒಂದು ಕಡೆ ಹಿಡಿತ ಸಡಿಲವಾದರೆ ಅಲ್ಲಿ ಪುಟ್ಟಿ ತುಂಬಿದೆ ಅಂತ ಲೆಕ್ಕ. ನಂಬರಿನ ಸುತ್ತ ಚೌಕಾಕಾರದ ವೆಲ್ಡಿಂಗ್ ಗುರುತು ಇದೆಯಾ ಅಂತಲೂ ಬೆರಳಲ್ಲಿ ತಡಕಿ. ಬೇರೆ ಗಾಡಿಯ ತುಂಡು ಕತ್ತರಿಸಿ ಕೂರಿಸಿದ್ದರೆ ಅದು ಅಲ್ಲೇ ಗೊತ್ತಾಗುತ್ತದೆ. ಅಂಥ ಗಾಡಿ ಎಷ್ಟೇ ಚೆನ್ನಾಗಿದ್ದರೂ ಬೇಡ. ನಂಬರು ತಿದ್ದುವುದು ಅಮೆರಿಕದ ಕೇಂದ್ರ ಕಾನೂನಿನಲ್ಲಿ ಅಪರಾಧ. ಗಾಡಿ ಕಳವಿನದ್ದು ಅಂತಾದರೆ ಗಾಡಿಯೂ ಹೋಗುತ್ತದೆ, ದುಡ್ಡೂ ಹೋಗುತ್ತದೆ.

ಎರಡನೇ ಹೆಜ್ಜೆ: 11 ಅಕ್ಷರ ಬಿಡಿಸುವುದು

ನಿಮಗೆ ಸಿಕ್ಕಿದ್ದು 5-ಆರ್-07-ಸಿ ಮತ್ತು ಮುಂದೆ ಆರು ಅಂಕಿ ಅಂತ ಇಟ್ಟುಕೊಳ್ಳೋಣ.

5 ಅಂದರೆ 1965ರ ಮಾಡೆಲ್. ಇಲ್ಲಿ ಒಂದು ಗೊಂದಲ ಇದೆ. ಮಸ್ಟಾಂಗ್ ಜನರ ಮುಂದೆ ಬಂದದ್ದು 1964ರ ಏಪ್ರಿಲ್ 17ರಂದು, ನ್ಯೂಯಾರ್ಕ್ ವಿಶ್ವ ಮೇಳದಲ್ಲಿ. ಆ ಬೇಸಿಗೆಯ ಗಾಡಿಗಳನ್ನು ಪ್ರೀತಿಯಿಂದ 'ಅರವತ್ನಾಲ್ಕೂವರೆ' ಅನ್ನುತ್ತಾರೆ. ಆದರೆ ಅವುಗಳ ನಂಬರೂ 5ರಿಂದಲೇ ಶುರು. ಆಗಿನ ಮಸ್ಟಾಂಗ್‌ಗಳಲ್ಲಿ 4ರಿಂದ ಶುರುವಾಗುವುದು ಇಲ್ಲ.

ಆರ್ ಕಾರ್ಖಾನೆ, ಮೇಲೆ ಹೇಳಿದೆ. ಆಮೇಲಿನ ಎರಡು ಅಂಕಿ ಗಾಡಿಯ ಆಕಾರ. 07 ಅಂದರೆ ಗಟ್ಟಿ ಮೇಲ್ಛಾವಣಿಯ ಹಾರ್ಡ್‌ಟಾಪ್, 08 ಅಂದರೆ ಮೇಲ್ಛಾವಣಿ ಮಡಚುವ ಕನ್ವರ್ಟಿಬಲ್, 09 ಅಂದರೆ ಹಿಂದಕ್ಕೆ ಇಳಿಜಾರಾದ ಫಾಸ್ಟ್‌ಬ್ಯಾಕ್. ಹಾರ್ಡ್‌ಟಾಪಿನ ತಲೆ ಕತ್ತರಿಸಿ ಕನ್ವರ್ಟಿಬಲ್ ಅಂತ ಮಾರುವವರಿದ್ದಾರೆ, ಆದ್ದರಿಂದ ಈ ಎರಡು ಅಂಕಿ ಸುಮ್ನೆ ದಾಟಬೇಡಿ.

ಐದನೆಯದು ಎಂಜಿನ್. ದುಡ್ಡೆಲ್ಲಾ ಇರುವುದು ಇಲ್ಲೇ. 'ಸಿ' ಅಂದರೆ 289 ಘನ ಇಂಚಿನ ವಿ8 (ಎಂಟು ಸಿಲಿಂಡರಿನದ್ದು), ಎರಡು ಬಾಯಿಯ ಕಾರ್ಬೊರೇಟರ್, 200 ಅಶ್ವಶಕ್ತಿ. 'ಎ' ಅಂದರೆ ಅದೇ 289, ನಾಲ್ಕು ಬಾಯಿಯ ಕಾರ್ಬೊರೇಟರ್, 225. 'ಕೆ' ಅಂದರೆ ವಿಶೇಷವಾಗಿ ಕಟ್ಟಿದ 289, 271 ಅಶ್ವಶಕ್ತಿ. 'ಟಿ' ಆರು ಸಿಲಿಂಡರಿನ 200 ಘನ ಇಂಚಿನದ್ದು. ಅರವತ್ನಾಲ್ಕೂವರೆ ಗಾಡಿಗಳಲ್ಲಿ ಬೇರೆ ಅಕ್ಷರ ಸಿಗುತ್ತವೆ. 'ಯು' ಅಂದರೆ 170ರ ಸಿಕ್ಸ್, 'ಎಫ್' ಅಂದರೆ 260ರ ವಿ8, 'ಡಿ' ಅಂದರೆ ಆಗಿನ ನಾಲ್ಕು ಬಾಯಿಯ 289. ಎಫ್ ಎರಡನೇ ಜಾಗದಲ್ಲಿದ್ದರೆ ಡಿಯರ್‌ಬಾರ್ನ್, ಐದನೇ ಜಾಗದಲ್ಲಿದ್ದರೆ 260 ಎಂಜಿನ್. ಅಕ್ಷರ ಒಂದೇ, ಕೂತ ಜಾಗ ನೋಡಿ ಅರ್ಥ ಮಾಡಿಕೊಳ್ಳಬೇಕು.

ಕೊನೆಯ ಆರು ಅಂಕಿ ಸರಣಿ. ಪ್ರತಿ ಕಾರ್ಖಾನೆಯಲ್ಲೂ 100001ರಿಂದ ಶುರು. ಮೊಟ್ಟಮೊದಲ ಸರಣಿ ಸಂಖ್ಯೆಯ ಮಸ್ಟಾಂಗ್ 5-ಎಫ್-08-ಎಫ್-100001. ಈಗ ನಿಮಗೇ ಓದಲು ಬರುತ್ತದೆ ನೋಡಿ. 1965ರ ಮಾಡೆಲ್, ಡಿಯರ್‌ಬಾರ್ನ್, ಕನ್ವರ್ಟಿಬಲ್, 260ರ ವಿ8, ಮೊದಲನೇ ನಂಬರು. ಅದು ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ಗೆ ಹೋಗಿ ಸ್ಟಾನ್ಲಿ ಟಕ್ಕರ್ ಎಂಬ ಪೈಲಟ್‌ಗೆ ಮಾರಾಟವಾಗಿಬಿಟ್ಟಿತ್ತು. ಫೋರ್ಡ್‌ನವರು ಆಮೇಲೆ ಹತ್ತು ಲಕ್ಷದನೇ ಮಸ್ಟಾಂಗನ್ನು ಅವರಿಗೆ ಕೊಟ್ಟು ಇದನ್ನು ವಾಪಸು ಪಡೆದರು. ಈಗ ಡಿಯರ್‌ಬಾರ್ನಿನ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿದೆ.

ಮೂರನೇ ಹೆಜ್ಜೆ: ಈಗ ಬಾಗಿಲಿನ ಪ್ಲೇಟು

ಡ್ರೈವರ್ ಬಾಗಿಲಿನ ಹಿಂದಿನ ಅಂಚಿನಲ್ಲಿ ಪ್ಲೇಟು ಇರುತ್ತದೆ. ಅದರಲ್ಲಿ ಗಾಡಿ ನಂಬರಿನ ಜೊತೆಗೆ ಇನ್ನೊಂದು ಸಾಲು ಇದೆ. ಉದಾಹರಣೆಗೆ: 65-ಎ, ಎಂ, 26, 12-ಎಲ್, 72, 1, 6.

65-ಎ ಬಾಡಿ ಕೋಡು. ಗಾಡಿ ನಂಬರಿನ 07 ಮತ್ತು ಇಲ್ಲಿಯ 65 ಎರಡೂ ಹೇಳುವುದು ಒಂದನ್ನೇ, ಹಾರ್ಡ್‌ಟಾಪ್. ಫಾಸ್ಟ್‌ಬ್ಯಾಕ್ ಆದರೆ 63, ಕನ್ವರ್ಟಿಬಲ್ ಆದರೆ 76. ಪಕ್ಕದ 'ಎ' ಸಾಮಾನ್ಯ ಒಳಾಂಗಣ. 'ಬಿ' ಇದ್ದರೆ ದುಬಾರಿ ಒಳಾಂಗಣ, ಸೀಟಿನ ಬೆನ್ನಿನ ಮೇಲೆ ಓಡುವ ಕುದುರೆಗಳ ಚಿತ್ರ ಒತ್ತಿದ್ದು.

ಎಂ ಬಣ್ಣ, ವಿಂಬಲ್ಡನ್ ವೈಟ್. 'ಎ' ಆದರೆ ಕಪ್ಪು, 'ಜೆ' ಆದರೆ ರಂಗೂನ್ ರೆಡ್. ಈಗ ಕೆಂಪಗಿರುವ ಗಾಡಿಯ ಪ್ಲೇಟಿನಲ್ಲಿ ಎಂ ಇದ್ದರೆ ಯಾರೋ ಬಣ್ಣ ಬದಲಿಸಿದ್ದಾರೆ. ಅದು ಮೋಸವೇನಲ್ಲ, ಆದರೆ ಬೆಲೆಗೆ ಸಂಬಂಧ ಇದೆ. ಡಿಕ್ಕಿಯ ಒಳಮೂಲೆ, ಡ್ಯಾಶ್‌ಬೋರ್ಡ್ ಅಡಿ ನೋಡಿದರೆ ಹಳೇ ಬಿಳಿ ಎಲ್ಲಾದರೂ ಇಣುಕುತ್ತದೆ. 26 ಒಳಗಿನ ಕಪ್ಪು ವಿನೈಲ್, 22 ಆದರೆ ನೀಲಿ.

12-ಎಲ್ ತಾರೀಕು. ಮೊದಲು ದಿನ, ಆಮೇಲೆ ತಿಂಗಳು. ಜನವರಿ ಎ, ಫೆಬ್ರವರಿ ಬಿ, ಹೀಗೆ ಆಗಸ್ಟ್ ಎಚ್‌ವರೆಗೆ ಎಣಿಸಿ. ಅಂಕಿ ಒಂದರ ಜೊತೆ ಗೊಂದಲ ಆಗಬಾರದು ಅಂತ 'ಐ' ಬಿಟ್ಟಿದ್ದಾರೆ, ಹಾಗಾಗಿ ಸೆಪ್ಟೆಂಬರ್ ಜೆ, ಅಕ್ಟೋಬರ್ ಕೆ, ನವೆಂಬರ್ ಎಲ್, ಡಿಸೆಂಬರ್ ಎಂ. ಒಂದೇ ಮಾಡೆಲ್ ಹನ್ನೆರಡು ತಿಂಗಳು ದಾಟಿ ತಯಾರಾದರೆ ಎರಡನೇ ಸುತ್ತಿಗೆ ಎನ್‌ನಿಂದ ಝಡ್‌ವರೆಗಿನ ಅಕ್ಷರ, ಅದರಲ್ಲಿ 'ಓ' ಇಲ್ಲ. ನಮ್ಮ ಗಾಡಿ 1964ರ ನವೆಂಬರ್ 12ರದ್ದು.

72 ಅಂದರೆ ಆರ್ಡರ್ ಬಂದ ಮಾರಾಟ ವಲಯ, ಸ್ಯಾನ್ ಹೋಸೆ. 71 ಲಾಸ್ ಏಂಜಲೀಸ್, 33 ಡೆಟ್ರಾಯ್ಟ್. ಆಮೇಲಿನ 1 ಹಿಂದಿನ ಆಕ್ಸಲಿನ ಅನುಪಾತ, 3.00. ಅಂಕಿಯ ಬದಲು ಅಕ್ಷರ ಇದ್ದರೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಅಂದರೆ ಒಂದೇ ಚಕ್ರ ಸುಮ್ನೆ ಜಾರಿ ತಿರುಗದ ಹಾಗೆ ತಡೆಯುವಂಥದ್ದು. ಕೊನೆಯ 6 ಗೇರ್‌ಬಾಕ್ಸ್, ಸಿ4 ಆಟೊಮ್ಯಾಟಿಕ್. 1 ಆದರೆ ಮೂರು ಗೇರಿನ ಮ್ಯಾನುಯಲ್, 5 ಆದರೆ ನಾಲ್ಕು ಗೇರಿನದ್ದು.

ನಾಲ್ಕನೇ ಹೆಜ್ಜೆ: ಒಂದರ ಮುಂದೆ ಒಂದಿಟ್ಟು ತಾಳೆ ನೋಡಿ

ಈ ಹೆಜ್ಜೆ ಬಿಟ್ಟದ್ದಕ್ಕೆ ನಾನು ದುಡ್ಡು ಕಳೆದುಕೊಂಡಿದ್ದೇನೆ.

ಕೆಲವು ವರ್ಷದ ಹಿಂದೆ ಒಂದು ಕೆಂಪು ಫಾಸ್ಟ್‌ಬ್ಯಾಕ್ ಮಾರಾಟಕ್ಕಿತ್ತು. ಮಾರುವವರು ಬಾಗಿಲಿನ ಪ್ಲೇಟಿನ ಫೋಟೋ ಕಳಿಸಿದರು. 5-ಆರ್-09-ಕೆ. ಕೆ ಅಕ್ಷರ ಕಂಡ ಕೂಡಲೇ ನನಗೆ ಮುಂದೇನೂ ಕಾಣಲಿಲ್ಲ, ಬೇರೆ ಯಾರಾದರೂ ಹಾರಿಸಿಕೊಂಡು ಹೋಗುತ್ತಾರೆ ಅಂತ 500 ಡಾಲರ್ ಮುಂಗಡ ಕಳಿಸಿಬಿಟ್ಟೆ. ಶನಿವಾರ ಹಾಸನದ ಗೆಳೆಯನನ್ನು ಕರೆದುಕೊಂಡು ಹೋದೆ. ಅವನು ಅಪ್ಪನ ಗ್ಯಾರೇಜಿನಲ್ಲಿ ಬೆಳೆದವನು. ನಾನು ಬಣ್ಣ ನೋಡುತ್ತಾ ನಿಂತಿದ್ದರೆ ಅವನು ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದ.

"ಲೇ, ಇಲ್ಲಿ ಬಾರೋ. ಈ ಗೇರ್‌ಬಾಕ್ಸ್ ಕೋಡ್ ಎಷ್ಟು ಅಂದೆ ನೀನು?"

"ಆರು."

"ಆರು ಅಂದ್ರೆ ಆಟೊಮ್ಯಾಟಿಕ್ ಅಂತ ನೀನೇ ದಾರಿಯಲ್ಲಿ ಹೇಳಿದ್ಯಲ್ಲೋ. ಕೆ ಗಾಡಿಗೆ ಆಟೊಮ್ಯಾಟಿಕ್ ಇತ್ತಾ?"

ಇರಲಿಲ್ಲ. 1965ರಲ್ಲಿ ಕೆ ಎಂಜಿನ್ ಬಂದದ್ದು ನಾಲ್ಕು ಗೇರಿನ ಮ್ಯಾನುಯಲ್ ಜೊತೆ ಮಾತ್ರ. ಆಟೊಮ್ಯಾಟಿಕ್ ಸಿಕ್ಕಿದ್ದು 1966ರಲ್ಲಿ. ಯಾರೋ ಹೊಸ ಪ್ಲೇಟು ಒತ್ತಿಸುವಾಗ ಎಂಜಿನ್ ಅಕ್ಷರ ಬದಲಿಸಿ ಉಳಿದ ಸಾಲನ್ನು ಹಾಗೇ ಬಿಟ್ಟಿದ್ದರು. ಬಾನೆಟ್ ಎತ್ತಿ ಸೀಮೆಸುಣ್ಣ ಸವರಿದೆವು. ಏಪ್ರನ್ ಮೇಲೆ 5-ಆರ್-09-ಸಿ. ಮುಂಗಡ ವಾಪಸು ಬರಲಿಲ್ಲ. ಮಾರುವವರು ತಾವೂ ಹಾಗೇ ಕೊಂಡದ್ದು ಅಂದರು. ಇರಬಹುದು.

ಆದ್ದರಿಂದ ಒಂದು ಕಾಗದದಲ್ಲಿ ಮೂರು ಸಾಲು ಬರೆಯಿರಿ: ಏಪ್ರನ್, ಬಾಗಿಲು, ಮಾಲೀಕತ್ವದ ಟೈಟಲ್ ಕಾಗದ. ಪ್ರತಿ ಅಕ್ಷರ ಒಂದರ ಕೆಳಗೆ ಒಂದು ಬರಲಿ. ಏಪ್ರನ್ ಮತ್ತು ಟೈಟಲ್ ಒಂದಕ್ಕೊಂದು ಹೊಂದಿ, ಬಾಗಿಲಿನದ್ದು ಪೂರ್ತಿ ಬೇರೆ ನಂಬರಾದರೆ ಬಹುಶಃ ಅಪಘಾತವಾಗಿ ಬೇರೆ ಗಾಡಿಯ ಬಾಗಿಲು ಹಾಕಿದ್ದಾರೆ. ಅದು ಅಪರೂಪವಲ್ಲ, ಬೆಲೆ ಇಳಿಸಿ ಮಾತಾಡಬಹುದು. ಬಾಗಿಲಿನಲ್ಲಿ ಒಂದೇ ಒಂದು ಅಕ್ಷರ ಬೇರೆ, ಅದೂ ಐದನೆಯದು ಅಂದರೆ, ಎದ್ದು ಬನ್ನಿ. ಏಪ್ರನ್ನೇ ಟೈಟಲ್‌ಗೆ ಹೊಂದದಿದ್ದರೆ ಮಾತೇ ಬೇಡ.

ಐದನೇ ಹೆಜ್ಜೆ: ಎಂಜಿನ್ ಬ್ಲಾಕಿನ ಎರಕದ ಅಕ್ಷರ

'ಎಂಜಿನ್ ಒರಿಜಿನಲ್' ಅಂತ ಎಲ್ಲರೂ ಹೇಳುತ್ತಾರೆ. 1965ರ ಸಾಮಾನ್ಯ 289 ಎಂಜಿನ್ ಮೇಲೆ ಫೋರ್ಡ್ ಗಾಡಿಯ ನಂಬರು ಕುಟ್ಟುತ್ತಿರಲಿಲ್ಲ. ಹಾಗಾಗಿ ಸಿ ಅಥವಾ ಎ ಗಾಡಿಗೆ 'ನಂಬರು ಮ್ಯಾಚ್ ಆಗುತ್ತದೆ' ಅಂತ ಯಾರಾದರೂ ಅಂದರೆ, ಯಾವ ನಂಬರಿಗೆ ಯಾವ ನಂಬರು ಅಂತ ಕೇಳಿ. ನೋಡಲು ಸಾಧ್ಯ ಇರುವುದು ತಾರೀಕು ಮಾತ್ರ.

ಗಾಡಿ ಎತ್ತಿ, ಪ್ಯಾಸೆಂಜರ್ ಬದಿಯಲ್ಲಿ ಸ್ಟಾರ್ಟರ್ ಮೋಟರ್ ಹತ್ತಿರ ಬ್ಲಾಕನ್ನು ಒರೆಸಿದರೆ ಉಬ್ಬಿದ ಅಕ್ಷರ ಸಿಗುತ್ತದೆ. ಸಿ-5-ಎ-ಇ-6015-ಇ ಇದ್ದರೆ ಹೀಗೆ ಓದಿ. ಸಿ ಅಂದರೆ 1960ರ ದಶಕ (ಬಿ ಐವತ್ತರದ್ದು, ಡಿ ಎಪ್ಪತ್ತರದ್ದು). 5 ಅಂದರೆ ಆ ದಶಕದ 1965. ಎ ಅಂದರೆ ದೊಡ್ಡ ಫೋರ್ಡ್ ಗಾಡಿಗಾಗಿ ವಿನ್ಯಾಸ ಮಾಡಿದ್ದು. ಮಸ್ಟಾಂಗಿನ ಅಕ್ಷರ ಝಡ್. ಆದರೆ ಮಸ್ಟಾಂಗಿನಲ್ಲಿ ಎ ಕಂಡರೆ ತಪ್ಪಲ್ಲ, 289 ಹಲವು ಗಾಡಿಗಳಿಗೆ ಹೋಗುತ್ತಿದ್ದ ಎಂಜಿನ್. ಇ ಎಂಜಿನ್ ವಿಭಾಗ, 6015 ಬ್ಲಾಕ್.

ಅಲ್ಲೇ ಪಕ್ಕ ಚಿಕ್ಕದಾಗಿ ಎರಕದ ತಾರೀಕು. 4-ಕೆ-3 ಅಂದರೆ 1964ರ ಅಕ್ಟೋಬರ್ 3. ಇಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ, ಬಾಗಿಲಿನ ಪ್ಲೇಟಿಗಿಂತ ಬೇರೆ ಕ್ರಮ. ಗಾಡಿ ನವೆಂಬರ್ 12ರದ್ದು, ಬ್ಲಾಕು ಅದಕ್ಕಿಂತ ಐದಾರು ವಾರ ಮುಂಚಿನದ್ದು. ಇದು ನಂಬುವ ಹಾಗಿದೆ. ಬ್ಲಾಕಿನ ತಾರೀಕು ಗಾಡಿಯ ತಾರೀಕಿನ ನಂತರದ್ದಾದರೆ ಎಂಜಿನ್ ಬದಲಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಸಿಲಿಂಡರ್ ಹೆಡ್ಡು, ಇನ್‌ಟೇಕ್ ಮ್ಯಾನಿಫೋಲ್ಡ್ ಮೇಲೂ ಇದೇ ಥರದ ತಾರೀಕು ಹುಡುಕಿ. ನಾಲ್ಕೈದು ಭಾಗಗಳ ತಾರೀಕು ಆಸುಪಾಸಿನಲ್ಲೇ ಬಿದ್ದರೆ ಆ ಗಾಡಿಯನ್ನು ಜಾಸ್ತಿ ಯಾರೂ ಕೆದಕಿಲ್ಲ.

ನಂಬರು ಹೇಳದೇ ಇರುವುದು

ಜಿಟಿ ಅನ್ನುವ, ಜೋರು ಓಟದ ಸಾಮಾನಿನ ಪ್ಯಾಕೇಜು ಗಾಡಿ ನಂಬರಿನಲ್ಲೂ ಇಲ್ಲ, ಬಾಗಿಲಿನಲ್ಲೂ ಇಲ್ಲ. ಆದರೂ ಸುಳ್ಳು ಹಿಡಿಯಬಹುದು. 1965ರಲ್ಲಿ ಜಿಟಿ ಕೊಟ್ಟದ್ದು ಎ ಮತ್ತು ಕೆ ಎಂಜಿನ್‌ಗೆ ಮಾತ್ರ, ಅದು ಮಾರುಕಟ್ಟೆಗೆ ಬಂದದ್ದೂ 1965ರ ಏಪ್ರಿಲ್‌ನಲ್ಲಿ. ನಮ್ಮ ಉದಾಹರಣೆಯ ಗಾಡಿ ಸಿ, ಅದೂ 1964ರ ನವೆಂಬರಿನದ್ದು. ಪಕ್ಕದಲ್ಲಿ ಪಟ್ಟಿ ಹೊಡೆದು, ಮಂಜಿನ ದೀಪ ಹಾಕಿ, ಸೈಲೆನ್ಸರ್ ಬಾಯಿ ಹಿಂದಿನ ತಗಡಿನಿಂದ ಹೊರಗೆ ತಂದರೂ ಅದು ಕಾರ್ಖಾನೆಯ ಜಿಟಿ ಆಗುವುದಿಲ್ಲ.

ಷೆಲ್ಬಿ ಕಂಪನಿಯವರು ಮಸ್ಟಾಂಗನ್ನೇ ಜೋರು ಓಟಕ್ಕೆ ಮಾರ್ಪಡಿಸಿದ ಜಿಟಿ350 ಇನ್ನೂ ಸ್ವಾರಸ್ಯ. 1965ರವು ಎಲ್ಲವೂ ಸ್ಯಾನ್ ಹೋಸೆಯಲ್ಲಿ ಬಿಳಿ ಬಣ್ಣದಲ್ಲಿ ತಯಾರಾದ ಕೆ ಫಾಸ್ಟ್‌ಬ್ಯಾಕ್‌ಗಳು, ಆಮೇಲೆ ಲಾಸ್ ಏಂಜಲೀಸ್‌ಗೆ ಹೋಗಿ ಷೆಲ್ಬಿ ಆದವು. ಅಲ್ಲಿ ಎಸ್-ಎಫ್-ಎಂ-5 ಅಂತ ಶುರುವಾಗುವ ಇನ್ನೊಂದು ನಂಬರು ಸಿಕ್ಕಿತು. ಅಡಿಯಲ್ಲಿ ಫೋರ್ಡಿನ 5-ಆರ್-09-ಕೆ ಇರಲೇಬೇಕು. ಎಫ್ ಅಥವಾ ಟಿ ಇದ್ದರೆ ಅದು ಷೆಲ್ಬಿ ಅಲ್ಲ.

ಷೆವ್ರೊಲೆ, ಕ್ರೈಸ್ಲರ್ ಆದರೆ

ಷೆವ್ರೊಲೆಯ 1957ರ ಬೆಲ್ ಏರ್ ತಗೊಳ್ಳಿ. ಗಾಡಿ ನಂಬರು ಡ್ರೈವರ್ ಬಾಗಿಲಿನ ಕೀಲು ಇರುವ ಕಂಬದ ಮೇಲೆ: ವಿ-ಸಿ-57-ಎಸ್ ಮತ್ತು ಆರು ಅಂಕಿ. ವಿ ಅಂದರೆ ವಿ8, ಸಿಕ್ಸ್ ಆದರೆ ಆ ಅಕ್ಷರವೇ ಇರುವುದಿಲ್ಲ. ಸಿ ಅಂದರೆ ಬೆಲ್ ಏರ್, ಬಿ ಅಂದರೆ 210 ಅನ್ನುವ ಮಾದರಿ, ಎ ಅಂದರೆ 150 ಅನ್ನುವ ಮಾದರಿ. ಎಸ್ ಸೇಂಟ್ ಲೂಯಿಸ್ ಕಾರ್ಖಾನೆ. ಎಂಜಿನ್ ಬಗ್ಗೆ ಇದಕ್ಕಿಂತ ಹೆಚ್ಚು ಏನೂ ಹೇಳುವುದಿಲ್ಲ. ಷೆವ್ರೊಲೆ ಸೇರಿರುವ ಜನರಲ್ ಮೋಟರ್ಸ್ ಕಂಪನಿಯ ನಂಬರಿನಲ್ಲಿ ಯಾವ ಎಂಜಿನ್ ಅಂತ ಹೇಳುವ ಅಕ್ಷರ ಬಂದದ್ದು 1972ರಿಂದ.

ಎಂಜಿನ್ ಹಿಂದಿನ ಗೋಡೆ ತಗಡಿನ ಮೇಲೆ ಬಾಡಿ ಕಟ್ಟುತ್ತಿದ್ದ ಫಿಷರ್‌ನವರ ಪ್ಲೇಟು ಬೇರೆ ಇದೆ. ಅದರಲ್ಲಿ 57-1037-ಡಿ ಅಂತಿದ್ದರೆ 37 ಎರಡು ಬಾಗಿಲಿನ ಹಾರ್ಡ್‌ಟಾಪ್, 'ಡಿ' ಬೆಲ್ ಏರ್. 67 ಕನ್ವರ್ಟಿಬಲ್. ಆ ಪ್ಲೇಟಿನ 'ಬಾಡಿ ನಂಬರು' ಗಾಡಿಯ ಸರಣಿ ಸಂಖ್ಯೆ ಅಲ್ಲ, ಎರಡೂ ಹೊಂದಲ್ಲ ಅಂತ ಒಳ್ಳೇ ಗಾಡಿ ಬಿಟ್ಟು ಬಂದವರನ್ನು ನೋಡಿದ್ದೇನೆ. ಅದು ಬಾಡಿ ಕಟ್ಟಿದವರ ಲೆಕ್ಕ, ಇದು ಗಾಡಿ ಕಟ್ಟಿದವರ ಲೆಕ್ಕ. ಅದೇ 37, 67 ಮುಂದೆ ಷೆವ್ರೊಲೆಯ ಕಮಾರೊ ಗಾಡಿಯ ನಂಬರಿನ ಒಳಗೇ ಬಂದು ಕೂತಿತು. 1969ರ 124-37-9-ಎನ್ ಅಂದರೆ ವಿ8 ಕಮಾರೊ, ಕೂಪೆ, ನಾರ್ವುಡ್ ಕಾರ್ಖಾನೆ. ಎಸ್‌ಎಸ್ (ಸೂಪರ್ ಸ್ಪೋರ್ಟ್ ಅನ್ನುವ ಜೋರು ಓಟದ ಮಾದರಿ) ಹೌದೋ ಅಲ್ಲವೋ ಅಂತ ಆ ನಂಬರು ಹೇಳುವುದಿಲ್ಲ.

ಕ್ರೈಸ್ಲರ್‌ನವರು ಇದರಲ್ಲಿ ಉದಾರಿಗಳು. 1970ರ ಡಾಡ್ಜ್ ಚಾಲೆಂಜರ್ ಜೆ-ಎಸ್-23-ಆರ್-0-ಬಿ ಅಂದರೆ ಚಾಲೆಂಜರ್, ಆರ್‌ಟಿ ಅನ್ನುವ ಜೋರು ಓಟದ ಮಾದರಿ, ಎರಡು ಬಾಗಿಲಿನ ಹಾರ್ಡ್‌ಟಾಪ್, 426 ಹೆಮಿ ಎಂಜಿನ್, 1970, ಹ್ಯಾಮ್ಟ್ರಾಮಿಕ್ ಕಾರ್ಖಾನೆ. ಮಡ್‌ಗಾರ್ಡ್ ಒಳಗಿನ ಅವರ ಪ್ಲೇಟನ್ನು ಕೆಳಗಿನ ಸಾಲಿನಿಂದ ಮೇಲಕ್ಕೆ ಓದಬೇಕು. ಮೇಲಿಂದ ಓದಿದರೆ ತಲೆಬುಡ ಗೊತ್ತಾಗುವುದಿಲ್ಲ.

ದುಡ್ಡು ಕೊಡುವ ಮುಂಚೆ

ಟೈಟಲ್ ಕಾಗದವನ್ನು ಏಪ್ರನ್ನಿನ ಪೆನ್ಸಿಲ್ ಅಚ್ಚಿನ ಪಕ್ಕ ಇಟ್ಟು ಇನ್ನೊಮ್ಮೆ ಓದಿ, ಒಬ್ಬರು ಜೋರಾಗಿ ಓದಿ ಇನ್ನೊಬ್ಬರು ಗುರುತು ಹಾಕಿ. ಹಳೇ ಟೈಪ್‌ರೈಟರ್ ಕಾಲದಲ್ಲಿ ಸೊನ್ನೆ 'ಓ' ಆಗಿರುತ್ತದೆ, 5 'ಎಸ್' ಆಗಿರುತ್ತದೆ. ಇಷ್ಟೇ ವ್ಯತ್ಯಾಸವಾದರೆ ಮಾರುವವರ ಹೆಸರಿನಲ್ಲಿ ಗಾಡಿ ಇರುವಾಗಲೇ ಅವರಿಂದಲೇ ಡಿಎಂವಿಯಲ್ಲಿ (ಗಾಡಿ ನೋಂದಣಿ ಕಚೇರಿ) ಸರಿ ಮಾಡಿಸಿ, ನಿಮ್ಮ ಹೆಸರಿಗೆ ಬಂದ ಮೇಲೆ ಆ ಓಡಾಟ ನಿಮ್ಮ ತಲೆಗೆ ಬರುತ್ತದೆ. ಕಾಗದ ಸರಿಯಾಗಿ ಕೈಗೆ ಬಂದ ದಿನ ಮುಂಗಡ ಕೊಡಿ. ಅಲ್ಲಿಯವರೆಗೆ ಒಂದು ಡಾಲರೂ ಬೇಡ.